ಹೈಸ್ಕೂಲ್ ಮಕ್ಕಳ ಫ್ರೀ ಪೀರಿಯಡ್ ಬಗ್ಗೆ ಒಂದು ಸಣ್ಣ ಸಲಹೆ

ನಮ್ಮ ಸ್ಟೇಟ್ ಸಿಲೆಬಸ್‌ನಲ್ಲಿ ಎಸೆಸೆಲ್ಸಿಯ 625 ಅಂಕಗಳಲ್ಲಿ 125 ಅಂಕ ಶಾಲೆಯಲ್ಲೇ ಸಿಗುತ್ತವೆ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಗಳಿಗೆ ತಲಾ 20. ಚಟುವಟಿಕೆ, ಪ್ರಾಜೆಕ್ಟ್, ಕಿರುಪರೀಕ್ಷೆ ಎಲ್ಲ ಇದರೊಳಗೇ ಬರುತ್ತದೆ. ಹಾಗಾಗಿ ಎಂಟನೇ ಕ್ಲಾಸಿನಿಂದಲೇ ಮಕ್ಕಳಿಗೆ ಇದರ ರೂಢಿ ಆಗಬೇಕು.

ನನ್ನ ಮಗ ಕ್ಲಾಸಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. "ಮಾತಾಡೋ" ಅಂತ ಗದರಿದ್ದು ದಂಡ. ಕೊನೆಗೆ ಒಂದು ಉಪಾಯ ಮಾಡಿದೆವು. ಮರುದಿನದ ಪಾಠ ರಾತ್ರಿ ಒಮ್ಮೆ ಓದಿ, ಅರ್ಥವಾಗದ ಒಂದೇ ಒಂದು ಪ್ರಶ್ನೆಯನ್ನು ಪುಸ್ತಕದ ಹಿಂದೆ ಬರೆದುಕೊಂಡು ಹೋಗುವುದು. ಕ್ಲಾಸಿನಲ್ಲಿ ಕೇಳಲು ನಾಚಿಕೆಯಾದರೆ ಪಾಠ ಮುಗಿದ ಮೇಲೆ ಟೀಚರ್ ಹತ್ತಿರ ಹೋಗಿ ಕೇಳಿದರೂ ಸಾಕು. ಎರಡು ತಿಂಗಳಲ್ಲಿ ತಾನಾಗಿಯೇ ಕೈ ಎತ್ತಲು ಶುರು ಮಾಡಿದ.

ಇನ್ನು ಫ್ರೀ ಪೀರಿಯಡ್. ಮೇಷ್ಟ್ರು ರಜೆ, ತರಬೇತಿ, ಚುನಾವಣೆ ಕೆಲಸ ಅಂತ ಹೋದಾಗ ಸಿಗುವ 40-45 ನಿಮಿಷ. ಅದರಲ್ಲಿ ಹೊಸ ಪಾಠ ಓದು ಅಂದರೆ ಆಗಲ್ಲ, ಗಲಾಟೆ ಇರುತ್ತದೆ ಅಲ್ವಾ! ಕೈಗೆ ಕೆಲಸ ಕೊಡುವಂಥದ್ದು ಇಟ್ಟುಕೊಳ್ಳಲಿ: ಭಾರತದ ನಕ್ಷೆ ಬಿಡಿಸುವುದು, ವಿಜ್ಞಾನದ ಚಿತ್ರ, ಬಾಕಿ ಇರುವ ನೋಟ್ಸ್. ಬ್ಯಾಗಿನಲ್ಲಿ ಒಂದು ರಫ್ ಪುಸ್ತಕ, ಪೆನ್ಸಿಲ್ ಇದ್ದರೆ ಆಯಿತು. ಗುಂಪು ಪ್ರಾಜೆಕ್ಟ್ ಇದ್ದರೆ ಅದನ್ನು ಅಲ್ಲೇ ಮಾತಾಡಿ ಹಂಚಿಕೊಳ್ಳಬಹುದು. ಸಂಜೆ ಯಾರ ಮನೆಗೂ ಓಡುವುದು ಬೇಡ.

ಎಲ್ಲ ಫ್ರೀ ಪೀರಿಯಡ್ಡೂ ಹೀಗೇ ಆಗಬೇಕು ಅಂತ ಹಟ ಹಿಡಿಯಬೇಡಿ. ವಾರಕ್ಕೊಂದು ಸುಮ್ನೆ ಹರಟೆಗೂ ಇರಲಿ, ನಾವೂ ಹಾಗೇ ಬೆಳೆದವರು.