ಎರೆಭೂಮಿಯ ಮೇಲಿನ ನಮ್ಮ ಮನೆ: ಪಾಯಾ ಪರಿಶೀಲನೆಗೂ ರಿಪೇರಿಗೂ ಆದ ಖರ್ಚು

2024ರ ಫೆಬ್ರುವರಿಯಲ್ಲಿ ನಮ್ಮ ಅಡುಗೆಮನೆಯ ಒಂದೇ ಬಿರುಕನ್ನು ನೋಡಿ ಇಬ್ಬರು ಗುತ್ತಿಗೆದಾರರು ಎರಡು ದರ ಹೇಳಿದರು. ಮೊದಲನೆಯವರು ಬಿರುಕಿಗೆ ಸಿಮೆಂಟು ತುಂಬಿ, ಗಿಲಾಯಿ ಮಾಡಿ ಬಣ್ಣ ಬಳಿದುಕೊಡಲು ₹60,000 ಎಂದರು. ಎರಡನೆಯವರು ಹತ್ತು ನಿಮಿಷ ಮನೆಯ ಸುತ್ತ ಓಡಾಡಿ, ಇಡೀ ಮನೆಯ ಬುನಾದಿಯ ಕೆಳಗೆ ಹೊಸದಾಗಿ ಕಾಂಕ್ರೀಟು ಹಾಕಬೇಕೆಂದು ಹೇಳಿ ₹7.5 ಲಕ್ಷ ಬರೆದುಕೊಟ್ಟರು. ಅದರ ಕೆಳಗೆ ಜಿಎಸ್‌ಟಿ ಪ್ರತ್ಯೇಕ ಎಂದಿತ್ತು; ಶೇಕಡಾ 18ರಂತೆ ಅದೊಂದೇ ₹1.35 ಲಕ್ಷವಾಗುತ್ತದೆ. ಇಬ್ಬರೂ ನೆಲವನ್ನು ಒಂದಡಿಯೂ ಅಗೆದು ನೋಡಿರಲಿಲ್ಲ. ಗೋಡೆ ಏಕೆ ಸೀಳಿತು ಎಂಬ ನನ್ನ ಪ್ರಶ್ನೆಗೆ ಇಬ್ಬರ ಬಳಿಯೂ ಉತ್ತರವಿರಲಿಲ್ಲ. ಕಾರಣ ಗೊತ್ತಾಗುವವರೆಗೆ ರಿಪೇರಿಗೆ ಒಂದು ರೂಪಾಯಿಯನ್ನೂ ಕೊಡಬಾರದೆಂದು ನಾನು ಅಂದೇ ನಿರ್ಧರಿಸಿದೆ.

ನಮ್ಮ ಮನೆ ಇರುವುದು ಹುಬ್ಬಳ್ಳಿಯ ಗದಗ ರಸ್ತೆಯ ಕಡೆಗೆ. ಧಾರವಾಡದ ಕೆಂಪು ನೆಲ ದಾಟಿ ಪೂರ್ವಕ್ಕೆ ಬಂದಂತೆ ಕಪ್ಪು ಎರೆ ಶುರುವಾಗಿ, ಅಣ್ಣಿಗೇರಿ, ನವಲಗುಂದದ ಹೊಲಗಳವರೆಗೆ ಹಬ್ಬುತ್ತದೆ. ಹಿಂಗಾರಿಯಲ್ಲಿ ಮಳೆ ನಿಂತ ಮೇಲೂ ಬಿಳಿಜೋಳ, ಕಡಲೆಯನ್ನು ಕೈಗೆ ತಂದುಕೊಡುವುದು ಈ ಮಣ್ಣು ನೀರು ಹಿಡಿದಿಟ್ಟುಕೊಳ್ಳುವ ಗುಣವೇ. ಮನೆಯ ಗೋಡೆಗೆ ಅದೇ ಗುಣ ಕಂಟಕವಾಗುತ್ತದೆ. ನೀರು ಕುಡಿದಾಗ ಎರೆ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ಕೆಳಗಿನ ಮಣ್ಣೆಲ್ಲ ಒಟ್ಟಿಗೆ ಉಬ್ಬಿ ಒಟ್ಟಿಗೆ ಕುಗ್ಗಿದರೆ ಅಷ್ಟು ಹಾನಿಯಿಲ್ಲ. ಒಂದು ಮೂಲೆ ಹಸಿಯಾಗಿ, ಇನ್ನೊಂದು ಮೂಲೆ ಒಣಗಿ ನಿಂತಾಗ ನಡುವಿನ ಗೋಡೆ ಸೀಳುತ್ತದೆ. 2023 ಬರದ ವರ್ಷವಾಗಿತ್ತು. ಅದರ ಮುಂದಿನ ಜನವರಿಯಲ್ಲೇ ನಮ್ಮ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿತು.

ಪರಿಶೀಲನೆಯ ಮೊದಲ ಭಾಗವನ್ನು ನಾನೇ ಮಾಡಿದೆ, ಅದಕ್ಕೆ ಖರ್ಚು ಎನ್ನುವಂಥದ್ದೇನೂ ಬರಲಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದೆ. ತೆಳುವಾದ ಗಾಜಿನ ಪಟ್ಟಿಗಳನ್ನು ಬಿರುಕಿನ ಮೇಲೆ ಅಡ್ಡಲಾಗಿಟ್ಟು, ಎರಡೂ ಬದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ ಕೂಡಿಸಿದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಅದು ಹಳೆಯ ಬಿರುಕು. ಮಾರ್ಚ್ ಮುಗಿಯುವುದರೊಳಗೆ ನಾಲ್ಕು ಪಟ್ಟಿಗಳಲ್ಲಿ ಮೂರು ಒಡೆದವು. ಹಳೆಯ ಮನೆಗೂ ಅಡುಗೆಮನೆಗೂ ಕೂಡುವಲ್ಲಿ ಬಿರುಕು ಮೇಲೆ ಅಗಲವಾಗಿಯೂ ಕೆಳಗೆ ಸಣ್ಣದಾಗಿಯೂ ಇತ್ತು, ಅಂದರೆ ಅಡುಗೆಮನೆ ಹೊರಗಡೆಗೆ ವಾಲುತ್ತಿತ್ತು. ಪರಿಚಯದ ಗೌಂಡಿಯೊಬ್ಬರು ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಫರಸಿಯ ಮಟ್ಟ ನೋಡಿದಾಗ, ಅಡುಗೆಮನೆಯ ಹೊರಮೂಲೆ ಪಡಸಾಲೆಗಿಂತ ಒಂದೂಕಾಲು ಇಂಚು ಕೆಳಗಿತ್ತು.

ಇಷ್ಟನ್ನು ಬರೆದಿಟ್ಟುಕೊಂಡು, ಗುತ್ತಿಗೆ ಹಿಡಿಯದ, ಸಲಹೆಯನ್ನಷ್ಟೇ ಕೊಡುವ ಸ್ಟ್ರಕ್ಚರಲ್ ಇಂಜಿನಿಯರೊಬ್ಬರನ್ನು ಕರೆಸಿದೆ. ಈ ವ್ಯತ್ಯಾಸ ಬಹಳ ಮುಖ್ಯವೆಂದು ನನಗೆ ಅನಿಸುತ್ತದೆ. ಪರಿಶೀಲನೆ ಉಚಿತ ಎನ್ನುವವರು ಅದರ ಹಣವನ್ನು ರಿಪೇರಿಯಲ್ಲಿ ಸೇರಿಸಿಕೊಳ್ಳುತ್ತಾರೆ, ರಿಪೇರಿ ದೊಡ್ಡದಾದಷ್ಟು ಅವರಿಗೆ ಲಾಭ. ನಮ್ಮ ಇಂಜಿನಿಯರು ಮೊದಲ ಭೇಟಿಗೆ ₹4,000 ತೆಗೆದುಕೊಂಡರು. ಅವರ ಮಾತಿನಂತೆ ಗೋಡೆಗೆ ಹತ್ತಿ ಎರಡು ಗುಂಡಿ ತೋಡಿಸಿದೆವು. ಇಬ್ಬರು ಆಳು, ಎರಡು ದಿನ, ₹3,200. ಹಳೆಯ ಮನೆಯ ಪಕ್ಕದ ಗುಂಡಿಯಲ್ಲಿ ಕಲ್ಲಿನ ಕಟ್ಟಡ ಐದಡಿ ಇಳಿದು, ಎರೆಯ ಕೆಳಗಿನ ಗಟ್ಟಿ ಗರಸಿನ (ಜಲ್ಲಿಮಣ್ಣಿನ) ಮೇಲೆ ನಿಂತಿತ್ತು. ಅಡುಗೆಮನೆಯ ಪಕ್ಕದಲ್ಲಿ ಎರಡೂವರೆ ಅಡಿಗೇ ಪಾಯಾ ಮುಗಿದಿತ್ತು. ಗುಂಡಿಯೊಳಗಿಂದ ಗೌಂಡಿ ತಲೆ ಎತ್ತಿ, “ಅಕ್ಕಾರ, ಇಲ್ಲಿ ಗರಸು ಹತ್ತೇ ಇಲ್ಲ ನೋಡ್ರಿ, ಪಾಯಾ ಎರಿಯಾಗ ನಿಂತೈತಿ” ಎಂದರು. ಮನೆ ಕಟ್ಟಿದ್ದು 2009ರಲ್ಲಿ; ಅಡುಗೆಮನೆಯನ್ನು 2014ರಲ್ಲಿ ಆಗ್ನೇಯಕ್ಕೆ ಸೇರಿಸಿದ್ದೆವು. ಒಂದೇ ಕೋಣೆಯೆಂದು ಆಗ ಯಾರೂ ಆಳ ಅಳೆಯಲಿಲ್ಲ.

ಎರಡೂ ಗುಂಡಿಯ ಮಣ್ಣನ್ನು ಪ್ರಯೋಗಾಲಯಕ್ಕೆ ಕೊಟ್ಟೆವು, ₹9,500 ಆಯಿತು. ಅಲ್ಲಿ ಮಾಡಿದ ಒಂದು ಪರೀಕ್ಷೆಯನ್ನು ನಾನು ನಿಂತು ನೋಡಿದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತತ್ತು ಗ್ರಾಮಿನಂತೆ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕಿ, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಭಟ್ಟಿ ಇಳಿಸಿದ ನೀರು ಸುರಿದು ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಮರುದಿನ ಅದು 11 ಮಿಲಿಲೀಟರಿನ ಗೆರೆಯಲ್ಲಿತ್ತು. ನೀರಿನ ಕೊಳವೆಯಲ್ಲಿ ಅದೇ ಹತ್ತು ಗ್ರಾಂ ಮಣ್ಣು 21ಕ್ಕೆ ಏರಿತ್ತು. ಅಂದರೆ ಉಬ್ಬುವಿಕೆ ಸುಮಾರು ಶೇಕಡಾ 90. ಐವತ್ತು ದಾಟಿದರೆ ಎಚ್ಚರದಿಂದಿರಬೇಕು, ನೂರು ದಾಟಿದರೆ ಅಪಾಯ ಎಂದು ಅಲ್ಲಿಯವರು ತಿಳಿಸಿದರು. ಮನೆ ಕಟ್ಟುವ ಮೊದಲೇ ಆ ಎರಡು ಕೊಳವೆಗಳನ್ನು ನೋಡಿದ್ದರೆ ಅಡುಗೆಮನೆಯ ಪಾಯಾವನ್ನು ಇನ್ನೆರಡೂವರೆ ಅಡಿ ಇಳಿಸುತ್ತಿದ್ದೆವು.

ಆಳ ಕಡಿಮೆ ಎಂಬುದು ಅರ್ಧ ಕಾರಣವಷ್ಟೇ ಆಗಿತ್ತು. ಹತ್ತು ವರ್ಷ ತಡೆದ ಕೋಣೆ ಈಗೇಕೆ ವಾಲಿತು? ಹುಬ್ಬಳ್ಳಿಯ ಬಹಳಷ್ಟು ಕಡೆ ನಳದ ನೀರು ದಿನ ಬಿಟ್ಟು ದಿನವಲ್ಲ, ಎಷ್ಟೋ ದಿನಕ್ಕೊಮ್ಮೆ ಬರುವುದರಿಂದ ಹೆಚ್ಚಿನ ಮನೆಗಳಲ್ಲಿ ನೆಲದೊಳಗೆ ದೊಡ್ಡ ಟಾಕಿ ಇರುತ್ತದೆ, ವಾಸ್ತುವಿನ ಪ್ರಕಾರ ಅದು ಈಶಾನ್ಯಕ್ಕಿರುತ್ತದೆ. ನಮ್ಮದೂ ಅಲ್ಲೇ ಇದೆ. ಇಂಜಿನಿಯರು ಹೇಳಿದಂತೆ ಒಂದು ರಾತ್ರಿ ಟಾಕಿಯ ಒಳಗೋಡೆಗೆ ನೀರಿನ ಮಟ್ಟದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಮೋಟಾರು ಬಂದ್ ಮಾಡಿ, ಮುಚ್ಚಳ ಹಾಕಿದೆ. ಇಪ್ಪತ್ನಾಲ್ಕು ತಾಸಿನ ಮೇಲೆ ನೀರು ಗೆರೆಯಿಂದ ಒಂದು ಇಂಚು ಕೆಳಗಿತ್ತು. ಎಂಟಡಿಗೆ ಆರಡಿಯ ಟಾಕಿಯಲ್ಲಿ ಒಂದು ಇಂಚೆಂದರೆ ನಾಲ್ಕು ಘನ ಅಡಿ, ಅಂದರೆ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಈಶಾನ್ಯದ ಎರೆಗೆ ಇಂಗುತ್ತಿತ್ತು. ಬರದಲ್ಲಿ ಆಗ್ನೇಯದ ಮಣ್ಣು ಒಣಗಿ ಕುಗ್ಗುತ್ತಿರುವಾಗ ಈಶಾನ್ಯದ ಮಣ್ಣು ಮಾತ್ರ ಹಸಿಯಾಗಿ ಉಬ್ಬಿಕೊಂಡೇ ಇತ್ತು. ಮೊದಲಿನ ಎರಡು ದರಪಟ್ಟಿಗಳಲ್ಲಿ ಟಾಕಿಯ ಹೆಸರೇ ಇರಲಿಲ್ಲ. ₹7.5 ಲಕ್ಷ ಸುರಿದಿದ್ದರೂ ಆ ಸೋರಿಕೆ ಹಾಗೇ ಉಳಿಯುತ್ತಿತ್ತು.

ನಕ್ಷೆಸಹಿತ ವರದಿಗೆ ₹8,000 ಸೇರಿ ಪರಿಶೀಲನೆಯ ಒಟ್ಟು ಖರ್ಚು ₹24,700 ಆಯಿತು. ಅದು ಹೆಚ್ಚಾಯಿತೆಂದು ಮನೆಯಲ್ಲಿ ಮಾತು ಬಂತು. ವರದಿ ಇದ್ದುದರಿಂದಲೇ ನಾನು ಗುತ್ತಿಗೆದಾರರಿಂದ ಒಟ್ಟು ಮೊತ್ತವನ್ನಲ್ಲದೆ, ಕೆಲಸವಾರು ದರವನ್ನು ಕೇಳಲು ಸಾಧ್ಯವಾಯಿತು.

ಕೆಲಸ 2024ರ ನವೆಂಬರಿನಲ್ಲಿ, ಮಳೆ ನಿಂತು ನೆಲ ತೀರ ಒಣಗುವ ಮೊದಲು ಶುರುವಾಯಿತು. ಮೊದಲು ಟಾಕಿ: ಖಾಲಿ ಮಾಡಿ, ಸೀಳಿದ ಮೂಲೆಗಳನ್ನು ಕೆತ್ತಿ ತುಂಬಿ, ಒಳಗೆಲ್ಲ ನೀರು ತಡೆಯುವ ಗಿಲಾಯಿ ಮಾಡಿಸಲು ₹38,000. ಮಾಳಿಗೆಯ ಮಳೆನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಪೈಪ್ ಜೋಡಿಸಿ ಗಟಾರಕ್ಕೆ ಮುಟ್ಟಿಸಲು ₹16,500. ಮೂರು ಬದಿಗೆ, 90 ಅಡಿ ಉದ್ದ, ಮೂರಡಿ ಅಗಲ, ಎರಡಡಿ ಆಳಕ್ಕೆ ಎರೆ ತೆಗೆದು, ಗರಸು ತುಂಬಿ ದಮ್ಮಸ್ಸು ಮಾಡಿ, ಮೇಲೆ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟು ಹಾಕಿಸಿದೆವು. ಮಳೆನೀರು ಪಾಯಾದ ಹತ್ತಿರ ಇಂಗದಿರಲೆಂದು. ಇದಕ್ಕೆ ₹84,000. ಲೆಕ್ಕಕ್ಕೆ 540 ಘನ ಅಡಿ, ಅಂದರೆ ಐದೂವರೆ ಬ್ರಾಸಿನಷ್ಟು (ನೂರು ಘನ ಅಡಿಗೆ ಒಂದು ಬ್ರಾಸ್) ಗುಂಡಿಗೆ ಏಳು ಬ್ರಾಸ್ ಗರಸು ಹಿಡಿಯಿತು, ಏಕೆಂದರೆ ಬಡಿದಂತೆ ಅದು ಕುಗ್ಗುತ್ತದೆ. ದರ ಕೇಳುವಾಗ ಬಡಿದ ಮೇಲಿನ ಅಳತೆಯೋ ಟ್ರೇಲರಿನ ಅಳತೆಯೋ ಎಂದು ಮೊದಲೇ ಬರೆಸಿಕೊಳ್ಳಬೇಕು. ನಮ್ಮಲ್ಲಿ ಜಗಳ ಹತ್ತಿದ್ದು ಇದೊಂದರ ಮೇಲೆಯೇ.

ಪಾಯಾದ ಕೆಳಗೆ ಕಾಂಕ್ರೀಟು ಕಟ್ಟುವ ಕೆಲಸ ಇಡೀ ಮನೆಗಲ್ಲ, ಅಡುಗೆಮನೆಯ 12 ಅಡಿಗೆ ಮಾತ್ರ ಬೇಕಾಯಿತು. ಅದನ್ನು ನಾಲ್ಕು ನಾಲ್ಕು ಅಡಿಯ ಮೂರು ಭಾಗ ಮಾಡಿ, ಮೊದಲು ಎರಡು ತುದಿಗಳನ್ನು, ಕಾಂಕ್ರೀಟು ಬಲಿಯಲು ಏಳು ದಿನ ಬಿಟ್ಟು ಆಮೇಲೆ ನಡುವಿನದನ್ನು ಅಗೆದರು. ಒಮ್ಮೆಲೇ ಅಗೆದರೆ ಗೋಡೆ ಗಾಳಿಯಲ್ಲಿ ನಿಲ್ಲುತ್ತದೆ. ನಡುವಿನ ದಿನಗಳಲ್ಲಿ ಆಳು ಸುಮ್ಮನೆ ಕೂತಂತೆ ಕಂಡರೂ, ಬೇಗ ಮುಗಿಸಿ ಎಂದು ನಾನು ಒತ್ತಾಯಿಸಲಿಲ್ಲ. ಗರಸು ಹತ್ತುವವರೆಗೆ ಇಳಿಸಲು ₹1,32,000 ಆಯಿತು, ಇಡೀ ರಿಪೇರಿಯಲ್ಲಿ ದೊಡ್ಡ ಬಾಬತ್ತು ಇದೇ. ಇಂಜಿನಿಯರು ಪ್ರತಿ ಗುಂಡಿಯ ತಳವನ್ನು ನೋಡಿ ಒಪ್ಪಿದ ಮೇಲೆಯೇ ಕಾಂಕ್ರೀಟು ಬಿತ್ತು. ಅವರ ಐದು ಭೇಟಿಗೆ ₹7,500. ಹೊಸದಾಗಿ ಎರೆಯಲ್ಲಿ ಕಟ್ಟುವವರು ಅಂಡರ್‌ರೀಮ್ಡ್ ಪೈಲಿನ ಬಗ್ಗೆ ಕೇಳಬೇಕೆಂದು ಅವರು ಹೇಳಿದರು. ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಈ ಕಂಬಗಳನ್ನು ಆಳವಾದ ಎರೆಯಲ್ಲಿ ಕನಿಷ್ಠ 3.5 ಮೀಟರ್ ಇಳಿಸುತ್ತಾರೆ, ಏಕೆಂದರೆ ಅಷ್ಟು ಕೆಳಗೆ ಮಣ್ಣಿನ ಹಸಿ ಋತುವಿನೊಂದಿಗೆ ಬದಲಾಗುವುದಿಲ್ಲ.

ವಿಮೆಯಿಂದ ಏನೂ ಬರಲಿಲ್ಲ. ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕುಸಿತಕ್ಕೆ ರಕ್ಷಣೆಯಿದ್ದರೂ, ದೋಷಯುತ ವಿನ್ಯಾಸ ಅಥವಾ ಕೆಲಸದಿಂದಾದ ಹಾನಿಯನ್ನು ಅದು ಹೊರಗಿಡುತ್ತದೆ. ಎರಡೂವರೆ ಅಡಿಯ ಪಾಯಾ ಅದರಲ್ಲೇ ಬಂತು.

ಬಿರುಕು ಹೊಲಿದು ಬಣ್ಣ ಬಳಿಯುವುದನ್ನು ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವವರೆಗೆ ತಡೆದೆವು. ಅಷ್ಟು ದಿನ ಬಂದವರೆಲ್ಲ ಆ ಬಿರುಕನ್ನು ನೋಡಿ ಕೇಳುತ್ತಿದ್ದರು, ಕೇಳಲಿ ಎಂದು ಬಿಟ್ಟೆ. ಹೊಸ ಗಾಜಿನ ಪಟ್ಟಿಗಳು 2025ರ ಮೇ ತಿಂಗಳಲ್ಲೂ ಒಡೆಯಲಿಲ್ಲ, ಸೆಪ್ಟೆಂಬರಿನಲ್ಲೂ ಒಡೆಯಲಿಲ್ಲ. ಅಕ್ಟೋಬರಿನಲ್ಲಿ ಸರಳು ಕೂರಿಸಿ, ಗಿಲಾಯಿ ಮಾಡಿ ಬಣ್ಣ ಹಚ್ಚಿಸಲು ₹46,000 ಆಯಿತು. ಅಲ್ಲಿಗೆ ರಿಪೇರಿ ₹3,24,000. ಪರಿಶೀಲನೆ ಮತ್ತು ಟಾಕಿ ಒಣಗಿದ್ದಾಗ ತರಿಸಿದ ಒಂಬತ್ತು ಟ್ಯಾಂಕರ್ ನೀರಿನ ₹6,300 ಸೇರಿಸಿದರೆ ಒಟ್ಟು ₹3,55,000. ಪಡಸಾಲೆಯಲ್ಲಿ ಒಲೆ ಇಟ್ಟುಕೊಂಡು ಐದು ವಾರ ಅಡುಗೆ ಮಾಡಿದ್ದು ಈ ಲೆಕ್ಕದಲ್ಲಿಲ್ಲ.

ಈಗ ವರ್ಷಕ್ಕೆರಡು ಸಲ, ಮೇ ಮತ್ತು ಅಕ್ಟೋಬರಿನಲ್ಲಿ, ಟಾಕಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ, ಗೋಡೆಯ ಸುತ್ತಲಿನ ಕಾಂಕ್ರೀಟು ಗೋಡೆಗೆ ಕೂಡುವ ಸಂದು ಬಿಟ್ಟಿದೆಯೇ ಎಂದು ನೋಡಿ ಡಾಂಬರು ತುಂಬಿಸುತ್ತೇನೆ. ಕಳೆದ ಅಕ್ಟೋಬರಿನಲ್ಲಿ ಒಂದು ದಿನ ಕಳೆದ ಮೇಲೆ ಮುಚ್ಚಳ ತೆಗೆದಾಗ ನೀರು ಗೆರೆಯ ಮೇಲೆಯೇ ನಿಂತಿತ್ತು.