ಸೂರಿನಲ್ಲಿ ಸಿಕ್ಕಿಸಿದ್ದ ಲೋಟ

ಹಾಸನ ಜಿಲ್ಲೆಯ ಒಂದು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಸಂವಿಧಾನದ ಪೇಪರ್ ನನ್ನ ಪಾಲಿನದು. ತಾರತಮ್ಯ ಕೂಡದು ಅನ್ನುವ 15ನೇ ವಿಧಿ, ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿ ಅಂತ ಬೋರ್ಡ್ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಾರೆ, ಅಂಕ ಬರುತ್ತದೆ. ಬೆಲ್ ಹೊಡೆದ ಮೇಲೆ ಅದೇ ಮಕ್ಕಳು ಮರದ ಕೆಳಗೆ ಊಟದ ಡಬ್ಬಿ ಬಿಚ್ಚುವಾಗ ತಮ್ಮ ತಮ್ಮ ಜನ ನೋಡಿಕೊಂಡೇ ಕೂರುತ್ತಾರೆ.

ಇದಕ್ಕೆ ಏನಾದರೂ ಮಾಡಬೇಕು ಅನ್ನಿಸಿ ಮೊದಲ ಸಲ ಮಾಡಿದ್ದು ಶುದ್ಧ ತಪ್ಪು. ಒಂದು ದಿನ ಕ್ಲಾಸಿಗೆ ಹೋಗಿ, "ನಿಮ್ಮಲ್ಲಿ ಯಾರಿಗಾದರೂ ಜಾತಿಯಿಂದ ಅವಮಾನ ಆಗಿದೆಯಾ? ಹೇಳಿ, ಎಲ್ಲರೂ ಕೇಳೋಣ" ಅಂದೆ. ಯಾರೂ ಬಾಯಿ ಬಿಡಲಿಲ್ಲ. ಆದರೆ ನಿಧಾನವಾಗಿ ಒಂದೊಂದೇ ತಲೆ ಮೂರನೇ ಬೆಂಚಿನ ಹುಡುಗಿಯ ಕಡೆ ತಿರುಗಿತು. ಅವಳು ಯಾವ ಕೇರಿಯವಳು ಅಂತ ಇಡೀ ಕ್ಲಾಸಿಗೆ ಗೊತ್ತು. ಅವಳು ತಲೆ ಎತ್ತಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಒಂದೇ ಗೆರೆಯನ್ನು ತಿದ್ದುತ್ತಲೇ ಇದ್ದಳು.

ನಾಲ್ಕು ದಿನ ಕಾಲೇಜಿಗೆ ಬರಲಿಲ್ಲ. ಐದನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಯಾವಾಗ್ಲೂ ನಮ್ಮನ್ನೇ ಯಾಕೆ ಕೇಳ್ತೀರಾ? ಮಾಡಿದೋರನ್ನ ಕೇಳಿ" ಅಂದಳು.

ಮಾಡಿದೋರು ಅಂದರೆ ನಾನೇ ಅಲ್ವಾ.

ಮುಂದಿನ ವರ್ಷ 15ನೇ ವಿಧಿಯ ಪಾಠಕ್ಕೆ ಮನೆಯಿಂದ ಒಂದು ಹಿತ್ತಾಳೆ ಚೊಂಬು, ಒಂದು ಸ್ಟೀಲ್ ಲೋಟ ತೆಗೆದುಕೊಂಡು ಹೋದೆ. ಅಜ್ಜಿ ಮನೆಯ ಕತೆ ಹೇಳಿದೆ. ನನಗಾಗ ಏಳು ವರ್ಷ. ಹೊಲದ ಕೆಲಸಕ್ಕೆ ಒಬ್ಬರು ಬರುತ್ತಿದ್ದರು, ನನ್ನ ತಾತನಷ್ಟೇ ವಯಸ್ಸು. ಅವರ ಲೋಟ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಕಾಫಿ ಹೊತ್ತಿಗೆ ಅವರೇ ಅದನ್ನು ತೆಗೆದು, ತೊಳೆದು, ಅಂಗಳದಲ್ಲಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಚೊಂಬಿನಿಂದ ಕಾಫಿ ಹುಯ್ಯುವುದು ನನ್ನ ಕೆಲಸ. ಚೊಂಬಿನ ಕಂಠ ಲೋಟಕ್ಕೆ ತಾಗಬಾರದು. ಹೊರಗೆ ಚೆಲ್ಲಲೂಬಾರದು. ಎರಡೇ ದಿನದಲ್ಲಿ ಕಲಿತೆ. ಅಜ್ಜಿ ಬೆನ್ನು ತಟ್ಟಿ "ಜಾಣ ಕಣೋ ನೀನು" ಅಂದಿದ್ದರು. ಆ ಹಿರಿಯರನ್ನು ನಾನು ಕರೆಯುತ್ತಿದ್ದದ್ದು "ಏಯ್, ಬಾರೋ ಇಲ್ಲಿ" ಅಂತ. ಮನೆಯಲ್ಲಿ ಯಾರೂ ತಿದ್ದಲಿಲ್ಲ. ಅದೇ ಮನೆಯಲ್ಲಿ, ನನಗಿಂತ ಎರಡು ವರ್ಷ ದೊಡ್ಡ ಅಣ್ಣನಿಗೆ ಹೆಸರು ಹಿಡಿದು ಕೂಗಿದ್ದಕ್ಕೆ ಏಟು ತಿಂದಿದ್ದೆ.

ಹೇಳುತ್ತಾ ಮೇಜಿನ ಮೇಲೆ ಲೋಟ ಇಟ್ಟು ಚೊಂಬಿನಿಂದ ನೀರು ಹುಯ್ದು ತೋರಿಸಿದೆ. ಮೊಳದೆತ್ತರದಿಂದ. ಒಂದು ಹನಿ ಹೊರಗೆ ಬೀಳಲಿಲ್ಲ. ಮೂವತ್ತು ವರ್ಷ ಆದರೂ ಕೈ ಮರೆತಿರಲಿಲ್ಲ. ಅದನ್ನು ನೋಡಿ ಮಕ್ಕಳಿಗಿಂತ ನಾನೇ ಜಾಸ್ತಿ ಬೆಚ್ಚಿದೆ.

ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. "ಸಾರ್, ಅವರ ಪೂರ್ತಿ ಹೆಸರೇನು?"

ನನಗೆ ಗೊತ್ತಿರಲಿಲ್ಲ. ಕೂಗುವ ಹೆಸರು ಮಾತ್ರ ಗೊತ್ತಿತ್ತು. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರಿಗೂ ಗೊತ್ತಿಲ್ಲ. "ಈಗ್ಯಾಕೋ ಅದೆಲ್ಲ?" ಅಂದರು.

ಮಾರನೇ ದಿನ ಸಂವಿಧಾನ ತೆರೆದಾಗ ಕ್ಲಾಸ್ ಬೇರೆ ಥರ ಇತ್ತು. 15ನೇ ವಿಧಿಯ ಎರಡನೇ ಉಪವಿಧಿಯನ್ನು ಓದಿಸಿದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೇ ಹೆಸರಿಸಿದ್ದಾರೆ. "ಇಷ್ಟು ದೊಡ್ಡ ಕಾನೂನಿನಲ್ಲಿ ಬಾವಿ, ಕೆರೆ ಯಾಕೆ ಬಂತು?" ಅಂದೆ. ಚೊಂಬು ನೋಡಿದವರಿಗೆ ಉತ್ತರ ಹೇಳಿಕೊಡಬೇಕಾಗಲಿಲ್ಲ. ಅಲ್ಲಿಂದ ಪಾಠ ಮಹಾರಾಷ್ಟ್ರದ ಮಹಾಡ್ ಊರಿಗೆ ಹೋಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಚೌದಾರ್ ಕೆರೆಯ ನೀರು ಕುಡಿದದ್ದು, ಆಮೇಲೆ ಮೇಲ್ಜಾತಿಯವರು ಕೆರೆಗೆ ಸಗಣಿ ಗಂಜಲ ಹಾಕಿಸಿ "ಶುದ್ಧಿ" ಮಾಡಿಸಿದ್ದು. ಸಗಣಿ ಕಲಸಿದ ನೀರು ಶುದ್ಧ, ಮನುಷ್ಯ ಮುಟ್ಟಿದ ನೀರು ಮೈಲಿಗೆ. ಒಬ್ಬ ಹುಡುಗ ಕಿಸಕ್ಕನೆ ನಕ್ಕು, ತಕ್ಷಣ ಸುಮ್ಮನಾದ.

ಈಗ ಪ್ರತಿ ವರ್ಷ ಹೀಗೇ ಮಾಡುತ್ತೇನೆ. ಮೊದಲು ನನ್ನ ಕತೆ, ಅದೂ ನಾನು ತಪ್ಪು ಮಾಡಿದ ಕತೆ. ಆಮೇಲೆ ಅರ್ಧ ಹಾಳೆ ಹಂಚುತ್ತೇನೆ. ಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲೋ ಊರಲ್ಲೋ ಕೆಲವರು ಮುಟ್ಟಬಾರದ ಒಂದು ವಸ್ತು ಯಾವುದು, ಅಥವಾ ಎಲ್ಲರೂ ಆಡುವ ಒಂದು ಮಾತು ಯಾವುದು? ಹೆಸರು ಬರೆಯಬೇಕಿಲ್ಲ. ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಹಾಳೆ ಕೊಡಬಹುದು. ಇಂಟರ್ನಲ್ ಅಂಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಾಳೆಗಳನ್ನು ಬೇರೆಯವರ ಕೈಗೆ ಕೊಡುವುದಿಲ್ಲ, ಅಕ್ಷರ ಗುರುತು ಸಿಕ್ಕಿಬಿಡುತ್ತದೆ. ನಾನೇ ಓದಿ, ಆಯ್ದು, ಮರುದಿನ ಕೆಲವನ್ನು ಹೇಳುತ್ತೇನೆ.

"ನಿಮ್ಮ ನೋವು ಹೇಳಿ" ಅಂದರೆ ಏನೂ ಬರುವುದಿಲ್ಲ. "ಒಂದು ವಸ್ತು ಹೇಳಿ" ಅಂದರೆ ಬರುತ್ತದೆ. ತಿಂಗಳಿಗೆ ಮೂರು ದಿನ ಜಗಲಿಯಲ್ಲಿ ಹಾಸುವ ಚಾಪೆ, ಆ ದಿನಗಳ ತಟ್ಟೆ. ಹಾಸನದಲ್ಲಿ ರೂಮು ಕೇಳಲು ಹೋದಾಗ ಬಾಡಿಗೆಗಿಂತ ಮೊದಲು ಬರುವ "ನೀವು ಯಾವ ಪೈಕಿ?" ಎಂಬ ಮಾತು. ತಾಂಡಾದಿಂದ ಬಂದ ಒಬ್ಬರು ಬರೆದಿದ್ದರು: ಹಾಸ್ಟೆಲಿನಲ್ಲಿ ಅಮ್ಮನ ಫೋನ್ ಬಂದರೆ ಟೆರೇಸಿಗೆ ಓಡುತ್ತೇನೆ, ನಮ್ಮ ಮಾತು ಕೇಳಿದರೆ ಅಣಕಿಸುತ್ತಾರೆ. ಚಾಪೆಯ ಮಾತು ಬಂದಾಗ ಒಬ್ಬ ವಿದ್ಯಾರ್ಥಿನಿ, "ಮುಟ್ಟು ಅನ್ನೋದೂ ಅದೇ ಪದ, ಮುಟ್ಟಬೇಡ ಅನ್ನೋದೂ ಅದೇ ಪದ ಅಲ್ವಾ ಸಾರ್" ಅಂದಳು. ಇಷ್ಟು ವರ್ಷ ಕನ್ನಡ ಆಡಿದರೂ ನನಗಿದು ಹೊಳೆದಿರಲಿಲ್ಲ. (ನೋಡಿ, "ಅಂದಳು" ಅಂತಲೇ ಬರೆಯುತ್ತಿದ್ದೇನೆ. ಏಕವಚನದ ಅಭ್ಯಾಸ ಇನ್ನೂ ಪೂರ್ತಿ ಬಿಟ್ಟಿಲ್ಲ.)

ಎಲ್ಲ ವರ್ಷವೂ ಚೆನ್ನಾಗಿ ಆಗುತ್ತದೆ ಅಂತ ಅಲ್ಲ. ಒಂದು ಸಲ ಮಾತು ಮೀಸಲಾತಿಗೆ ತಿರುಗಿ, "ಈಗೆಲ್ಲಿದೆ ಸಾರ್ ಜಾತಿ" ಅಂತ ಶುರುವಾಗಿ, ಪೀರಿಯಡ್ ಮುಗಿಯುವಷ್ಟರಲ್ಲಿ ಇಬ್ಬರು ಕಾಲರ್ ಹಿಡಿದುಕೊಳ್ಳುವ ಮಟ್ಟಕ್ಕೆ ಹೋಯಿತು. ಅವತ್ತು ನನ್ನ ಕತೆಯನ್ನು ಐದೇ ನಿಮಿಷದಲ್ಲಿ ಮುಗಿಸಿ ಚರ್ಚೆಗೆ ಬಿಟ್ಟಿದ್ದೆ. ಕತೆ ಇಳಿಯಲು ಹೊತ್ತು ಬೇಕು. ಈಗ ಮೊದಲ ದಿನ ಚರ್ಚೆ ಇಡುವುದೇ ಇಲ್ಲ.

ಇನ್ನೊಂದು ಚೀಟಿಯ ಬಗ್ಗೆ ಬರೆಯಬೇಕು. ಬರೆದವರ ಓದು ಮುಗಿದಿದೆ, ಕೇಳಿಯೇ ಹೇಳುತ್ತಿದ್ದೇನೆ. "ಎಲ್ಲರೂ ಆಡುವ ಮಾತು" ಎಂಬುದರ ಕೆಳಗೆ ಹೀಗಿತ್ತು: "ಪರವಾಗಿಲ್ಲ ಕಣಯ್ಯಾ, ಸಾಬರ ಹುಡುಗನಾದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯಾ." ಅದರ ಕೆಳಗೆ, "ನಮ್ಮ ಮುತ್ತಜ್ಜನೂ ಇದೇ ಊರು."

ಅದನ್ನು ಕ್ಲಾಸಿನಲ್ಲಿ ಓದಲಿಲ್ಲ. ಓದಿದ್ದರೆ ಯಾರದು ಅಂತ ಗೊತ್ತಾಗುತ್ತಿತ್ತು. ಜೊತೆಗೆ, ಮೊದಲ ಸೆಮಿಸ್ಟರಿನಲ್ಲಿ ಅವರು ಸೆಮಿನಾರ್ ಕೊಟ್ಟಾಗ, ಆ ಮಾತನ್ನು ಅಕ್ಷರಶಃ ಹಾಗೇ, ಮೆಚ್ಚುಗೆ ಅಂದುಕೊಂಡು, ನಾನೇ ಹೇಳಿದ್ದೆ. ಹೆಸರಿಲ್ಲದ ಚೀಟಿ ಬರೆದವರನ್ನು ಹುಡುಕಿಕೊಂಡು ಹೋಗಬಾರದು ಅನ್ನುವುದು ನನ್ನದೇ ನಿಯಮ. ಅವತ್ತು ಮುರಿದೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹತ್ತಿರ ಹೋಗಿ, "ಆ ಮಾತು ಆಡಿದ್ದು ನಾನಲ್ವಾ? ತಪ್ಪಾಯ್ತು" ಅಂದೆ.

"ನೀವೊಬ್ಬರೇ ಅಲ್ಲ ಬಿಡಿ ಸಾರ್" ಅಂದು ಬಸ್ ಹತ್ತಿದರು.