ಬನ್ಸ್ ಹಿಟ್ಟು ಕಲಸುವ ಮೊದಲು ಹೆಸರು ಕೊಡಿ

ಸೆಪ್ಟೆಂಬರಿನ ಮೂರನೇ ಶನಿವಾರ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನ. ಅವತ್ತು ನಾವು ಕಾರವಾರದ ಟಾಗೋರ್ ಕಡಲತೀರದಲ್ಲಿ ಕಸ ಹೆಕ್ಕುತ್ತೇವೆ. ಮಳೆಗಾಲದಲ್ಲಿ ಕಾಳಿ ನದಿ ಹೊತ್ತು ತಂದದ್ದು, ಸಮುದ್ರ ವಾಪಸ್ ಎಸೆದದ್ದು ಎಲ್ಲ ಆಗ ಮರಳ ಮೇಲೇ ಬಿದ್ದಿರುತ್ತದೆ. ಬರುವವರ ಹೆಸರು ಬರೆದುಕೊಂಡು ಪಾಳಿ ಹಂಚುವುದು ನನ್ನ ಕೆಲಸ.

ಮೊದಲ ವರ್ಷ ವಾಟ್ಸಾಪಿನಲ್ಲಿ ‘ಆದಷ್ಟು ಬೇಗ ಹೆಸರು ಕೊಡಿ’ ಅಂತ ಹಾಕಿದ್ದೆ. ಗುರುವಾರದವರೆಗೆ ಬಂದದ್ದು 11 ಹೆಸರು. ಇರಲಿ ಅಂತ 25 ಜೊತೆ ಗ್ಲೌಸ್ ತಂದೆ. ಶನಿವಾರ ನೋಡಿದರೆ ಅರವತ್ತು ಜನ! ಎಲ್ಲರೂ ಏಳು ಗಂಟೆಯ ಪಾಳಿಗೇ. ಒಂಬತ್ತರ ಪಾಳಿಗೆ ಉಳಿದವರು ನಾಲ್ಕೇ ಮಂದಿ. ಗ್ಲೌಸ್ ಸಿಗದ ಕಾಲೇಜು ಹುಡುಗಿಯೊಬ್ಬಳು ಮರಳಲ್ಲಿ ಹೂತಿದ್ದ ಬಲೆಯ ತುಂಡನ್ನು ಬರಿಗೈಯಲ್ಲಿ ಎಳೆದಳು. ಅದರೊಳಗೆ ಬಾಟಲಿ ಚೂರಿತ್ತು. ಅವಳ ಅಂಗೈ ಕೊಯ್ದು ರಕ್ತ ತೊಟ್ಟಿಕ್ಕಿದ್ದು ಇನ್ನೂ ಕಣ್ಣಮುಂದಿದೆ.

ಮರುವರ್ಷ ಎರಡು ವಾರ ಮೊದಲೇ ಪಟ್ಟಿ ಮುಚ್ಚಿದೆ. ಹೆಸರು ಕೊಟ್ಟವರು 40, ಬಂದವರು 22. ಅಷ್ಟು ದಿನದಲ್ಲಿ ಮರೆತೇ ಹೋಗುತ್ತದೆ, ಅಲ್ವಾ?

ದಾರಿ ತೋರಿಸಿದವರು ನಮಗೆ ತಿಂಡಿ ಮಾಡಿಕೊಡುವ ಹೆಂಗಸು. “ಶನಿವಾರ ಬೆಳಿಗ್ಗೆ ಬನ್ಸ್ ಬೇಕಂದ್ರೆ ಶುಕ್ರವಾರ ರಾತ್ರಿನೇ ಹಿಟ್ಟು ಕಲಸಿಡ್ಬೇಕು. ಕಳಿತ ಬಾಳೆಹಣ್ಣು ಅವತ್ತು ಬೆಳಿಗ್ಗೆನೇ ಮಾರ್ಕೆಟ್ಟಿಂದ ತರ್ಬೇಕು. ಎಷ್ಟು ಜನ ಅಂತ ಗುರುವಾರ ರಾತ್ರಿ ಹೇಳ್ಬಿಡಿ” ಅಂದರು. ಹಿಂದಿನಿಂದ ಲೆಕ್ಕ ಹಾಕುತ್ತ ಬಂದರೆ ಕೊನೆಯ ದಿನ ತಾನಾಗೇ ಸಿಗುತ್ತದೆ ಅನ್ನುವುದು ನನಗೆ ಹೊಳೆದದ್ದು ಆಗಲೇ.

ಈಗ ನಮ್ಮ ಗಡುವು ಗುರುವಾರ ರಾತ್ರಿ 8 ಗಂಟೆ. ಮಧ್ಯರಾತ್ರಿ 12 ಅಂತ ಹಾಕುವುದಿಲ್ಲ, ಅದು ಯಾವ ದಿನದ ಲೆಕ್ಕ ಅಂತ ಜನ ಗೊಂದಲಕ್ಕೆ ಬೀಳುತ್ತಾರೆ. ‘ಬನ್ಸ್ ಲೆಕ್ಕ ಕೊಡಬೇಕು’ ಅಂತ ಕಾರಣವನ್ನೂ ಬರೆಯುತ್ತೇನೆ. ಕಾರಣ ಗೊತ್ತಿದ್ದರೆ ಜನ ಬೇಗ ಹೇಳುತ್ತಾರೆ. ಬುಧವಾರ ಸಂಜೆ ಒಂದು ನೆನಪಿನ ಮೆಸೇಜು. ಪಾಳಿಗೆ 30 ಜನ, ತುಂಬಿದರೆ ಮುಂದಿನ ಪಾಳಿ. ಬರಲಾಗದವರು ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಬೇಕು. ಕಾಯುವವರಿಗೆ ಆಗ ನಾನೇ ಫೋನ್ ಮಾಡುತ್ತೇನೆ.

ಪಾಳಿಯ ಹೊತ್ತನ್ನು ಮಾತ್ರ ಸಮುದ್ರವೇ ಹೇಳಬೇಕು. ಕಸ ಹೆಕ್ಕಲು ನೀರು ಇಳಿದಿರಬೇಕು, ಆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಆ ವರ್ಷದ ಉಬ್ಬರ-ಇಳಿತದ ಪಟ್ಟಿ ನೋಡದೆ ಹೆಸರು ಕೇಳಲು ಶುರು ಮಾಡುವುದೇ ಇಲ್ಲ. ಚೌತಿಯನ್ನೂ ನೋಡಬೇಕು. 2023ರಲ್ಲಿ ಆ ಶನಿವಾರ ಸೆಪ್ಟೆಂಬರ್ 16ಕ್ಕೆ ಬಂತು, ಬೆನ್ನಿಗೇ ಚೌತಿ. ಗುರುವಾರ ಎಲ್ಲರೂ ಮಂಟಪ ಕಟ್ಟುವ ಗಡಿಬಿಡಿಯಲ್ಲಿರುತ್ತಾರೆ ಅಂತ ಗಡುವನ್ನು ಮಂಗಳವಾರಕ್ಕೆ ತಂದೆವು.

ಒಬ್ಬರಿಗೆ ಮಾತ್ರ ಗಡುವಿಲ್ಲ, ಮೀನುಗಾರರಿಗೆ. ಜುಲೈ 31ಕ್ಕೆ ಯಾಂತ್ರಿಕ ದೋಣಿಗಳ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದಿರುತ್ತದೆ, ಸೆಪ್ಟೆಂಬರ್ ಅವರ ದುಡಿಮೆಯ ಕಾಲ. ಶನಿವಾರ ಕಡಲಿಗೆ ಇಳಿಯುತ್ತಾರೋ ಇಲ್ಲವೋ ಗುರುವಾರವೇ ಹೇಗೆ ಹೇಳಿಯಾರು? ಹೂತ ಬಲೆ ಬಿಡಿಸುವುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಬರುವುದಿಲ್ಲ. ಪ್ರತಿ ಪಾಳಿಯಲ್ಲೂ ಅವರಿಗೆ ಅಂತ ಐದು ಜಾಗ, ಐದು ಜೊತೆ ಗ್ಲೌಸ್ ತೆಗೆದಿಡುತ್ತೇನೆ. ಬನ್ಸ್ ಕೂಡ.